ಮೆಣಸಿನಕಾಯಿಯ ಉರಿಗೆ ಮೊದಲು ಎಣ್ಣೆ, ಆಮೇಲೆ ಸೋಪು, ಕೊನೆಗೆ ತಣ್ಣೀರು

ಸಂಕ್ರಾಂತಿ ಕಳೆಯುತ್ತಿದ್ದಂತೆ ಉತ್ತರ ಕರ್ನಾಟಕದ ಮನೆಗಳಲ್ಲಿ ಹೊಸ ಮೆಣಸಿನಕಾಯಿಯ ಕೆಲಸ ಶುರುವಾಗುತ್ತದೆ. ವರ್ಷಕ್ಕಾಗುವಷ್ಟು ಖಾರದ ಪುಡಿ ಕುಟ್ಟಿಸಬೇಕು, ಹಸಿ ಕೆಂಪು ಹಣ್ಣು ಸಿಕ್ಕರೆ ರಂಜಕ ಅರೆದಿಡಬೇಕು, ಬಿಸಿಲು ಬಲಿತ ಮೇಲೆ ಮೆಣಸಿನಕಾಯಿ ಸೀಳಿ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಬೇಕು. ಮಲೆನಾಡಿನಲ್ಲಿ ಸೂಜಿಮೆಣಸನ್ನು ಬಿಡಿಸಿ ಉಪ್ಪಿನಕಾಯಿಗೆ ಹಾಕುತ್ತಾರೆ. ಊರು ಯಾವುದಾದರೂ ಮಿರ್ಚಿ ಬಜ್ಜಿಗೆ ಕಾಯಿ ಸೀಳಿ ಬೀಜ ತೆಗೆಯುವ ಕೆಲಸ ಇದ್ದೇ ಇದೆ. ಕೆಲಸ ಮಾಡುವಾಗ ಕೈಗೆ ಏನೂ ಅನ್ನಿಸುವುದಿಲ್ಲ. ಎಲ್ಲ ಮುಗಿಸಿ, ಕೈ ತೊಳೆದು, ಊಟ ಮಾಡಿ ಮಲಗುವ ಹೊತ್ತಿಗೆ ಬೆರಳ ಸಂದಿನಲ್ಲಿ, ಉಗುರಿನ ಬುಡದಲ್ಲಿ ಉರಿ ಏಳುತ್ತದೆ. ನಲ್ಲಿಯ ಕೆಳಗೆ ಕೈಯಿಟ್ಟರೆ ತಣ್ಣಗಾಗುತ್ತದೆ, ತೆಗೆದರೆ ಮತ್ತೆ ಉರಿ. ಆಗ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಮೊಸರು ಹಚ್ಚು, ಹುಣಸೆಹಣ್ಣು ತಿಕ್ಕು, ಸಕ್ಕರೆ ಉಜ್ಜು, ಟೂತ್‌ಪೇಸ್ಟ್ ಬಳಿ, ಸೀಮೆಎಣ್ಣೆಯಲ್ಲಿ ಒರೆಸು. ಇಷ್ಟೊಂದು ಮದ್ದುಗಳಿದ್ದೂ ರಾತ್ರಿಯಿಡೀ ಕೈಗೆ ಗಾಳಿ ಊದಿಕೊಳ್ಳುತ್ತಾ ಕೂರುವವರು ಕಡಿಮೆಯಾಗಿಲ್ಲ.

ಮದ್ದುಗಳ ಈ ಗೊಂದಲಕ್ಕೆ ಕಾರಣ, ಉರಿಯ ಜಾತಿಯನ್ನು ನಾವು ಗುರುತಿಸದಿರುವುದು. ಬೆಂಕಿ ತಗುಲಿದ ಉರಿ, ಸುಣ್ಣ ತಿಂದ ಚರ್ಮದ ಉರಿ, ಕೆಸುವಿನ ತುರಿಕೆ, ಮೆಣಸಿನಕಾಯಿಯ ಉರಿ ಇವೆಲ್ಲಕ್ಕೂ ಕನ್ನಡದಲ್ಲಿ ಹೆಚ್ಚುಕಡಿಮೆ ಒಂದೇ ಮಾತು. ಆದರೆ ನಾಲ್ಕರ ಕಾರಣವೂ ಬೇರೆ, ಹಾಗಾಗಿ ಪರಿಹಾರವೂ ಬೇರೆ. ಮೆಣಸಿನಕಾಯಿಯ ವಿಷಯದಲ್ಲಿ ಉರಿಯನ್ನು ತಣಿಸುವುದು ಎರಡನೆಯ ಕೆಲಸ. ಉರಿ ಎಬ್ಬಿಸುವ ವಸ್ತುವನ್ನು ಚರ್ಮದಿಂದ ಬಿಡಿಸುವುದು ಮೊದಲನೆಯದು. ಈ ಕ್ರಮ ತಪ್ಪಿದರೆ ಒಳ್ಳೆಯ ಮದ್ದೂ ಅರೆಬರೆ ಕೆಲಸ ಮಾಡುತ್ತದೆ. ಕ್ರಮವನ್ನು ಹೊಸದಾಗಿ ಕಲಿಯಬೇಕಾಗಿಯೂ ಇಲ್ಲ. ಹಲಸಿನಹಣ್ಣು ಬಿಡಿಸುವವರು ಕೈಗೂ ಕತ್ತಿಗೂ ಎಣ್ಣೆ ಸವರಿಕೊಳ್ಳುತ್ತಾರೆ, ಏಕೆಂದರೆ ಮೇಣ ನೀರಿಗೆ ಬಗ್ಗುವುದಿಲ್ಲ. ಹಬ್ಬದ ದಿನ ಮೈಗೆ ಎಣ್ಣೆ ಹಚ್ಚಿಕೊಂಡವರು ಬರೀ ನೀರು ಹೊಯ್ದುಕೊಂಡು ಎದ್ದು ಬರುವುದಿಲ್ಲ, ಸೀಗೆಪುಡಿ ಹಾಕಿ ತಿಕ್ಕಿಯೇ ತೊಳೆಯುತ್ತಾರೆ. ಮೆಣಸಿನಕಾಯಿಯ ಉರಿಗೆ ಬೇಕಾದ ತಿಳಿವಳಿಕೆ ಈ ಎರಡು ರೂಢಿಗಳಲ್ಲೇ ಇದೆ.

ಉರಿ ಎಬ್ಬಿಸುವುದು ಏನು?

ಮೆಣಸಿನಕಾಯಿಯ ಖಾರಕ್ಕೆ ಮುಖ್ಯ ಕಾರಣ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ. ಅದು ಬೀಜದಲ್ಲಿದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದು ಹುಟ್ಟುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ಅಂಟುವ ಖಾರ ಅಲ್ಲಿಂದ ಬಂದದ್ದು. ಕಾಯಿಯನ್ನು ಇಡಿಯಾಗಿ ಮುಟ್ಟಿದರೆ ಏನೂ ಆಗದೆ, ಸೀಳಿ ಒಳಗಿನದನ್ನು ಬೆರಳಿನಿಂದ ಕೆರೆದು ತೆಗೆದಾಗಲೇ ಕೈ ಹೆಚ್ಚು ಉರಿಯುವುದು ಇದಕ್ಕಾಗಿ. ಕ್ಯಾಪ್ಸೈಸಿನ್ ಅಣುವಿಗೆ ಕೊಬ್ಬಿನ ಗುಣದ ಉದ್ದನೆಯ ಬಾಲವಿದೆ. ಹಾಗಾಗಿ ಅದು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಎಣ್ಣೆ, ತುಪ್ಪ, ಆಲ್ಕೋಹಾಲುಗಳಲ್ಲಿ ಚೆನ್ನಾಗಿ ಕರಗುತ್ತದೆ. ಒಗ್ಗರಣೆಯ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದ ಕೂಡಲೇ ಎಣ್ಣೆಯೇ ಖಾರವಾಗುವುದು ಇದೇ ಗುಣದಿಂದ. ನಮ್ಮ ಚರ್ಮದ ಹೊರಪದರದಲ್ಲೂ ಕೊಬ್ಬಿನ ಅಂಶವಿದೆ. ಕ್ಯಾಪ್ಸೈಸಿನ್ ಅಲ್ಲಿ ನೆಲೆಯೂರಿ ನಿಧಾನವಾಗಿ ಒಳಗಿಳಿಯುತ್ತದೆ. ಅಂಗೈಯ ದಪ್ಪ ಚರ್ಮ ಹೆಚ್ಚು ಹೊತ್ತು ತಡೆಯುತ್ತದೆ. ಬೆರಳ ಸಂದು, ಉಗುರಿನ ಬುಡ, ಕೈಯ ಹಿಂಭಾಗ, ಬಿರುಕು ಬಿಟ್ಟ ಜಾಗಗಳು ಬೇಗ ಬಿಟ್ಟುಕೊಡುತ್ತವೆ. ಕೆಲಸ ಮುಗಿದು ಎಷ್ಟೋ ಹೊತ್ತಾದ ಮೇಲೆ ಉರಿ ಏಳುವುದೂ, ಎದ್ದ ಉರಿ ಗಂಟೆಗಟ್ಟಲೆ ನಿಲ್ಲುವುದೂ ಈ ನಿಧಾನದ ಪಯಣದಿಂದ.

ಒಳಗಿಳಿದ ಕ್ಯಾಪ್ಸೈಸಿನ್ ಚರ್ಮವನ್ನು ಸುಡುವುದಿಲ್ಲ, ಸುಡುತ್ತಿದೆ ಎಂದು ನರಕ್ಕೆ ಸುದ್ದಿ ಮುಟ್ಟಿಸುತ್ತದೆ. ನೋವು ತಿಳಿಸುವ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಿಯಿದೆ. ಅಮೆರಿಕದ ವಿಜ್ಞಾನಿ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಗುರುತಿಸಿದ್ದೇ ಕ್ಯಾಪ್ಸೈಸಿನ್‌ನ ಜಾಡು ಹಿಡಿದು. ಆ ಕೆಲಸಕ್ಕಾಗಿ ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಪೂಟಿಯನ್ ಅವರೊಡನೆ ಹಂಚಿಕೊಂಡರು. ಈ ಗ್ರಾಹಿ ಸಾಮಾನ್ಯವಾಗಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಗುಲಿದಾಗ ತೆರೆದುಕೊಂಡು ‘ಸುಡುತ್ತಿದೆ’ ಎಂಬ ಸಂಕೇತ ಕಳಿಸುತ್ತದೆ. ಕ್ಯಾಪ್ಸೈಸಿನ್ ಅಂಟಿಕೊಂಡರೆ ಬಿಸಿಯೇ ಇಲ್ಲದಿದ್ದರೂ ಅದೇ ಸಂಕೇತ ಹೋಗುತ್ತದೆ. ಅಷ್ಟೇ ಅಲ್ಲ, ಗ್ರಾಹಿ ತೆರೆದುಕೊಳ್ಳುವ ಮಟ್ಟವೂ ಇಳಿಯುತ್ತದೆ. ಆಗ ಉಗುರುಬೆಚ್ಚನೆಯ ನೀರು, ಮೈಗೆ ಹೊದ್ದ ಕಂಬಳಿ, ಒಲೆಯ ಮುಂದಿನ ಝಳ ಕೂಡ ಕೆಂಡದಂತೆ ಅನ್ನಿಸುತ್ತದೆ. ಸಂಕೇತ ಸುಳ್ಳಾದರೂ ನೋವು ನಿಜ. ನರದ ತುದಿಗಳಿಂದ ಹೊರಬರುವ ರಾಸಾಯನಿಕಗಳಿಂದ ಚರ್ಮ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಕೆಲವರಿಗೆ ತುಸು ಊತವೂ ಬರುತ್ತದೆ. ‘ಬರೀ ಖಾರ, ಅದಕ್ಕೇನು’ ಎಂದು ನೋವು ಪಡುವವರನ್ನು ತಳ್ಳಿಹಾಕುವುದು ತಪ್ಪು.

ಇಷ್ಟು ತಿಳಿದರೆ ಮಾಡಬೇಕಾದ್ದು ಮೂರು ಕೆಲಸ ಎಂಬುದು ಸ್ಪಷ್ಟವಾಗುತ್ತದೆ. ಚರ್ಮದ ಮೇಲೆ ಉಳಿದ ಕ್ಯಾಪ್ಸೈಸಿನ್ ಅನ್ನು ಕರಗಿಸಬೇಕು, ಕರಗಿದ್ದನ್ನು ಕೊಚ್ಚಿಹಾಕಬೇಕು, ಆಗಲೇ ಒಳಗಿಳಿದದ್ದು ಎಬ್ಬಿಸುವ ಉರಿಯನ್ನು ತಣಿಸಬೇಕು. ಎಣ್ಣೆ, ಸೋಪು, ತಣ್ಣೀರು ಈ ಮೂರಕ್ಕೆ ಮೂರು ಸಾಧನಗಳು.

ಮಾಡುವ ಕ್ರಮ

ಮೊದಲು ಉಂಗುರ, ಬಳೆ, ವಾಚು ತೆಗೆಯಿರಿ. ಅವುಗಳ ಸಂದಿನಲ್ಲಿ ಖಾರ ಉಳಿಯುತ್ತದೆ, ಬೆರಳು ಊದಿಕೊಂಡರೆ ಉಂಗುರ ಬಿಗಿಯುತ್ತದೆ. ಕೈ ಒದ್ದೆಯಿದ್ದರೆ ಹಳೆಯ ಬಟ್ಟೆಯಿಂದ ಒರೆಸಿ. ಅಡುಗೆಗೆ ಬಳಸುವ ಯಾವುದೇ ಎಣ್ಣೆ, ಶೇಂಗಾ ಆಗಲಿ, ಕೊಬ್ಬರಿ ಆಗಲಿ, ಸೂರ್ಯಕಾಂತಿ ಆಗಲಿ, ಎರಡು ಮೂರು ಚಮಚದಷ್ಟು ಕೈಗೆ ಹಾಕಿಕೊಂಡು ಬೆರಳ ಸಂದು, ಉಗುರಿನ ಸುತ್ತ, ಮಣಿಕಟ್ಟಿನವರೆಗೆ ಸವರಿ. ಎಣ್ಣೆ ತಣ್ಣಗಿರಲಿ. ಒತ್ತಿ ತಿಕ್ಕಬೇಡಿ. ತಿಕ್ಕಿದರೆ ಚರ್ಮಕ್ಕೆ ಗೀರು ಬಿದ್ದು ಖಾರ ಇನ್ನೂ ಒಳಗಿಳಿಯುತ್ತದೆ. ಒಂದೆರಡು ನಿಮಿಷ ಬಿಟ್ಟು, ಎಸೆಯಬಹುದಾದ ಬಟ್ಟೆ ಅಥವಾ ಕಾಗದದಿಂದ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ. ಈ ಒರೆಸುವ ಹಂತವನ್ನು ಬಿಡಲೇಬಾರದು, ಕ್ಯಾಪ್ಸೈಸಿನ್ ಈಗಿರುವುದು ಆ ಎಣ್ಣೆಯಲ್ಲೇ. ಒರೆಸಿದ ಬಟ್ಟೆಯನ್ನು ಅಡುಗೆಮನೆಯ ಒರಸುಬಟ್ಟೆಗಳ ಜೊತೆ ಇಡಬೇಡಿ.

ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಸೋಪನ್ನು ಒಣಗೈಗೇ ಹಾಕಿಕೊಂಡು ಎಣ್ಣೆಯ ಜಿಡ್ಡೆಲ್ಲ ಸೋಪಿನಲ್ಲಿ ಬೆರೆಯುವಂತೆ ಸವರಿ, ನಂತರ ತಣ್ಣೀರು ಬಿಟ್ಟು ತೊಳೆಯಿರಿ. ಮೈಸೋಪಿಗಿಂತ ಪಾತ್ರೆಯ ಲಿಕ್ವಿಡ್ ಜಿಡ್ಡನ್ನು ಚೆನ್ನಾಗಿ ಎಬ್ಬಿಸುತ್ತದೆ. ಉಗುರಿನ ಒಳಗೆ ಮೆತ್ತನೆಯ ಹಳೆಯ ಟೂತ್‌ಬ್ರಷ್‌ನಿಂದ ಹಗುರವಾಗಿ ಉಜ್ಜಿ. ಕೈ ಒರೆಸಿಕೊಂಡು ಎಣ್ಣೆ, ಒರೆಸುವುದು, ಸೋಪು ಇಷ್ಟನ್ನೂ ಇನ್ನೊಂದು ಸಲ ಮಾಡಿ. ಬಿಸಿನೀರು ಬೇಡ. ಪಾತ್ರೆಯ ಜಿಡ್ಡಿಗೆ ಬಿಸಿನೀರು ಒಳ್ಳೆಯದು ಎಂಬ ಅನುಭವ ಇಲ್ಲಿಗೆ ಹೊಂದುವುದಿಲ್ಲ, ಏಕೆಂದರೆ ಬಿಸಿ ಆ ಗ್ರಾಹಿಯನ್ನು ನೇರವಾಗಿ ಕೆರಳಿಸುತ್ತದೆ.

ತೊಳೆದಾದ ಮೇಲೂ ಉರಿ ಇರುತ್ತದೆ, ಒಳಗಿಳಿದದ್ದು ತೊಳೆತಕ್ಕೆ ಸಿಗುವುದಿಲ್ಲ. ಈಗ ತಣಿಸುವ ಸರದಿ. ತಣ್ಣೀರಿನ ಪಾತ್ರೆಯಲ್ಲಿ ಕೈ ಅದ್ದಿಡಬಹುದು, ಒದ್ದೆ ಬಟ್ಟೆ ಸುತ್ತಿಕೊಳ್ಳಬಹುದು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟು ತೆಗೆದು ಮತ್ತೆ ಇಡಬಹುದು. ಬರೀ ಐಸನ್ನು ಚರ್ಮಕ್ಕೆ ಒತ್ತಬೇಡಿ, ಉರಿಯ ನಡುವೆ ಶೀತದಿಂದ ಆಗುವ ಗಾಯ ಗೊತ್ತಾಗುವುದಿಲ್ಲ. ಫ್ಯಾನಿನ ಗಾಳಿ ಹಿತ ಕೊಡುತ್ತದೆ. ಮಲಗುವಾಗ ಕೈಯನ್ನು ಹೊದಿಕೆಯ ಹೊರಗಿಡಿ. ನೋವು ನಿದ್ದೆ ಕೆಡಿಸುವಷ್ಟಿದ್ದರೆ ದೊಡ್ಡವರು ಎಂದಿನ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಹಲವರಿಗೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ತೀರಾ ಖಾರದ ಜಾತಿಯಾದರೆ ಮರುದಿನದವರೆಗೂ ಇರಬಹುದು.

ನೀರೇ ಸಾಕಲ್ಲವೇ?

ಎಣ್ಣೆಯ ಗೊಡವೆ ಯಾಕೆ, ನೀರಿನಲ್ಲಿ ಕೈಯಿಟ್ಟರೆ ಉರಿ ತಕ್ಷಣ ಇಳಿಯುತ್ತದಲ್ಲ ಎಂದು ಕೇಳಬಹುದು. ಆಕ್ಷೇಪದಲ್ಲಿ ಸತ್ಯವಿದೆ. ಮೆಣಸಿನಕಾಯಿಯ ನಾಡೇ ಆದ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಶೋಧಕರು ಇದನ್ನೇ ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದರು. ಮೆಣಸಿನಕಾಯಿಯಿಂದ ಕೈ ಉರಿಸಿಕೊಂಡ ಸ್ವಯಂಸೇವಕರಲ್ಲಿ ತಣ್ಣೀರಿನ ಅದ್ದುವಿಕೆಯನ್ನೂ ಅಡುಗೆ ಎಣ್ಣೆಯ ಅದ್ದುವಿಕೆಯನ್ನೂ ಹೋಲಿಸಿ ನೋಡಿದರು. ಮೊದಮೊದಲು ಹೆಚ್ಚು ಹಿತ ಕೊಟ್ಟದ್ದು ನೀರು. ಹೆಚ್ಚು ಕಾಲ ನಿಂತ ಉಪಶಮನ ಕೊಟ್ಟದ್ದು ಎಣ್ಣೆ. ನೀರು ತಣಿಸುತ್ತದೆ, ಎಣ್ಣೆ ಬಿಡಿಸುತ್ತದೆ ಎಂಬ ವಿವರಣೆಗೆ ಈ ಫಲಿತಾಂಶ ಸರಿಯಾಗಿ ಹೊಂದುತ್ತದೆ. ಆದ್ದರಿಂದ ನೀರನ್ನು ಬಿಡಿ ಎಂದು ಹೇಳುವ ಅಗತ್ಯವಿಲ್ಲ, ಅದನ್ನು ಅದರ ಜಾಗದಲ್ಲಿ ಬಳಸಿದರೆ ಸಾಕು. ಮನೆಯಲ್ಲಿ ಎಣ್ಣೆಯೇ ಇಲ್ಲದಿದ್ದರೆ ಸೋಪು ಮತ್ತು ಧಾರಾಳ ತಣ್ಣೀರಿನಿಂದಲೂ ಬಹಳಷ್ಟು ಹೋಗುತ್ತದೆ.

ಇನ್ನೂ ಗಟ್ಟಿಯಾದ ಆಕ್ಷೇಪ ಇನ್ನೊಂದು ಅಧ್ಯಯನದಿಂದ ಬರುತ್ತದೆ. ಪೊಲೀಸರು ಬಳಸುವ ಪೆಪ್ಪರ್ ಸ್ಪ್ರೇಯಲ್ಲಿ ಇರುವುದೂ ಮೆಣಸಿನಕಾಯಿಯ ಸಾರವೇ. ಅದನ್ನು ಮುಖದ ಚರ್ಮಕ್ಕೆ ತಗುಲಿಸಿಕೊಂಡ ಸ್ವಯಂಸೇವಕರಿಗೆ ಆಂಟಾಸಿಡ್ ದ್ರಾವಣ, ಮರಗಟ್ಟಿಸುವ ಲಿಡೋಕೇನ್ ಜೆಲ್, ಮಕ್ಕಳ ಶಾಂಪೂ, ಹಾಲು, ನೀರು ಇವುಗಳಲ್ಲಿ ಒಂದೊಂದನ್ನು ಕೊಟ್ಟು ಹೋಲಿಸಿದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಐದರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನೋವು ಇಳಿದದ್ದು ಮುಖ್ಯವಾಗಿ ಹೊತ್ತು ಕಳೆದಂತೆ. ಹಾಗಾದರೆ ಯಾವ ಮದ್ದೂ ಒಂದೇ, ಸುಮ್ಮನೆ ಕಾಯುವುದೇ ಸರಿ ಎನ್ನಬಹುದೇ? ಆ ಐದರಲ್ಲಿ ಎಣ್ಣೆ ಇರಲಿಲ್ಲ. ಮುಖದ ತೆಳು ಚರ್ಮಕ್ಕೆ ಸ್ಪ್ರೇ ಬೀಳುವುದೂ, ಗಂಟೆಗಟ್ಟಲೆ ಕಾಯಿ ಸೀಳಿದ ಕೈಯ ಉಗುರುಸಂದಿನಲ್ಲಿ ತಿರುಳು ಕೂರುವುದೂ ಒಂದೇ ಅಲ್ಲ. ಕೈಯಲ್ಲಿ ಉಳಿದ ಖಾರ ಕಣ್ಣಿಗೆ, ಮೂಗಿಗೆ, ಮಗುವಿನ ಕೆನ್ನೆಗೆ ದಾಟುತ್ತಲೇ ಇರುತ್ತದೆ, ಆದ್ದರಿಂದ ತೊಳೆಯುವ ಕೆಲಸದ ಬೆಲೆ ನಮ್ಮ ನೋವಿನ ಅಳತೆಗಷ್ಟೇ ಸೀಮಿತವಲ್ಲ. ಆದರೆ ಆ ಅಧ್ಯಯನ ಹೇಳುವ ಒಂದು ಮಾತನ್ನು ಒಪ್ಪಲೇಬೇಕು. ಒಳಗಿಳಿದ ಉರಿಗೆ ಪವಾಡದ ಮದ್ದಿಲ್ಲ, ಅದು ಇಳಿಯಲು ಹೊತ್ತು ಬೇಕು. ಇದನ್ನು ಒಪ್ಪಿದರೆ ಒಂದರ ಮೇಲೊಂದು ಮದ್ದು ಮೆತ್ತಿ ಚರ್ಮವನ್ನು ಕೆಡಿಸಿಕೊಳ್ಳುವ ಆತುರ ಕಡಿಮೆಯಾಗುತ್ತದೆ.

ಸುಟ್ಟ ಗಾಯಕ್ಕೆ ಎಣ್ಣೆ ಹಚ್ಚಬಾರದು ಎಂದು ವೈದ್ಯರು ಹೇಳುತ್ತಾರಲ್ಲ ಎಂಬ ಪ್ರಶ್ನೆ ಬಹಳ ಮುಖ್ಯವಾದದ್ದು. ಬಜ್ಜಿಯ ಕಾದ ಎಣ್ಣೆ ಸಿಡಿದಾಗ, ಕುದಿನೀರು ಚೆಲ್ಲಿದಾಗ ಆಗುವುದು ನಿಜವಾದ ಸುಟ್ಟಗಾಯ. ಅಲ್ಲಿ ಚರ್ಮದಲ್ಲಿ ಬಿಸಿ ಕೂತಿರುತ್ತದೆ. ಎಣ್ಣೆ, ತುಪ್ಪ, ಬೆಣ್ಣೆ ಏನೂ ಹಚ್ಚದೆ ಹರಿಯುವ ನೀರಿನಡಿ 20 ನಿಮಿಷ ಹಿಡಿಯಬೇಕು. ಮೆಣಸಿನಕಾಯಿಯ ಉರಿಯಲ್ಲಿ ಚರ್ಮದಲ್ಲಿ ಕೂತಿರುವುದು ಒಂದು ಜಿಡ್ಡಿನ ವಸ್ತು, ಅದನ್ನು ತೆಗೆಯಲು ಮಾತ್ರ ಎಣ್ಣೆ. ಎಣ್ಣೆಯನ್ನು ಇಲ್ಲಿಯೂ ಮದ್ದಿನಂತೆ ಹಚ್ಚಿ ಬಿಡುವುದಿಲ್ಲ, ಒರೆಸಿ ಸೋಪು ಹಾಕಿ ತೆಗೆಯುತ್ತೇವೆ. ಬಜ್ಜಿ ಮಾಡುವ ದಿನ ಎರಡೂ ಒಟ್ಟಿಗೆ ಆಗಬಹುದು. ಮೆಣಸಿನಕಾಯಿ ಸೀಳಿದ ಕೈಗೇ ಕಾದ ಎಣ್ಣೆ ಸಿಡಿದರೆ ಸುಟ್ಟಗಾಯದ ನಿಯಮವೇ ಮೊದಲು.

ಮನೆಮದ್ದುಗಳನ್ನು ಅಳೆಯುವ ಬಗೆ

ಯಾರು ಯಾವ ಮದ್ದು ಹೇಳಿದರೂ ಕೇಳಬೇಕಾದ ಪ್ರಶ್ನೆಗಳು ಮೂರೇ: ಅದು ಕ್ಯಾಪ್ಸೈಸಿನ್ ಅನ್ನು ಕರಗಿಸುತ್ತದೆಯೇ, ಅದರೊಡನೆ ಹೊರಹೋಗುತ್ತದೆಯೇ, ಚರ್ಮಕ್ಕೆ ಅದರಿಂದಲೇ ಕೇಡಿದೆಯೇ? ಮೊಸರು, ಹಾಲನ್ನು ಮೊದಲು ನೋಡೋಣ. ನಾಲಿಗೆಯ ಖಾರಕ್ಕೆ ಹಾಲು ಒಳ್ಳೆಯ ಮದ್ದು. ಹಾಲಿನ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್‌ಗೆ ಅಂಟಿಕೊಂಡು ಅದನ್ನು ಬಿಡಿಸುತ್ತದೆ ಎಂಬುದು ಅದಕ್ಕಿರುವ ವಿವರಣೆ. ಬಾಯಿಯ ಒದ್ದೆ ಪೊರೆಯ ಮೇಲೆ ನಡೆಯುವ ಈ ಕೆಲಸ ಕೈಯ ಒಣ ಚರ್ಮದಲ್ಲಿ ಅಷ್ಟೇ ಚೆನ್ನಾಗಿ ನಡೆಯಬೇಕೆಂದಿಲ್ಲ. ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3ರಷ್ಟು, ಉಳಿದದ್ದು ಬಹುಪಾಲು ನೀರು. ಫ್ರಿಜ್ಜಿನ ಮೊಸರು ಹಿತವೆನಿಸುವುದು ಮುಖ್ಯವಾಗಿ ತಂಪಿನಿಂದ. ಕೇಡಿಲ್ಲ, ಹಾಗಾಗಿ ತೊಳೆದಾದ ಮೇಲೆ ತಣಿಸಲು ಬೇಕಾದರೆ ಬಳಸಿ. ಎಣ್ಣೆ ಮತ್ತು ಸೋಪಿನ ಬದಲಿಗೆ ಬೇಡ.

ಹುಣಸೆ, ನಿಂಬೆ, ವಿನೆಗರ್ ಇನ್ನೊಂದು ಬಗೆ. ಸುವರ್ಣಗಡ್ಡೆ, ಕೆಸು ಹೆಚ್ಚಿದಾಗಿನ ತುರಿಕೆಗೆ ಹುಳಿ ಹಚ್ಚುವ ರೂಢಿ ನಮ್ಮಲ್ಲಿ ಹಳೆಯದು. ಆ ತುರಿಕೆಗೆ ಕಾರಣ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಆ ಅನುಭವವೇ ಮೆಣಸಿನಕಾಯಿಗೂ ದಾಟಿ ಬಂದಿರುವಂತಿದೆ. ಆದರೆ ಕ್ಯಾಪ್ಸೈಸಿನ್ ಹುಳಿಗೆ ಕರಗುವ ಹರಳಲ್ಲ. ವಿನೆಗರ್‌ನಿಂದ ಹಿತವಾಯಿತೆಂಬ ಬಿಡಿ ಹೇಳಿಕೆಗಳಿದ್ದರೂ, ಆಮ್ಲ ಆ ಗ್ರಾಹಿಯನ್ನು ಇನ್ನಷ್ಟು ಚುರುಕಾಗಿಸುತ್ತದೆ ಎಂಬುದು ಪ್ರಯೋಗಗಳಲ್ಲಿ ಸಿದ್ಧವಾದ ವಿಷಯ. ಗೀರು, ಬಿರುಕು ಇರುವ ಕೈಗೆ ನಿಂಬೆರಸ ಬಿದ್ದರೆ ಉರಿಯ ಮೇಲೆ ಉರಿ. ಸುಣ್ಣ ಹಚ್ಚಬೇಕೆನ್ನುವವರ ವಾದ ಇದಕ್ಕೆ ತಿರುಗುಮುರುಗು: ಬಲವಾದ ಕ್ಷಾರದಲ್ಲಿ ಕ್ಯಾಪ್ಸೈಸಿನ್ ನೀರಿಗೆ ಹೆಚ್ಚು ಒಗ್ಗುತ್ತದೆ ಎಂಬುದು ರಸಾಯನಶಾಸ್ತ್ರದ ಪ್ರಕಾರ ಸರಿಯೇ. ಆದರೆ ಅಷ್ಟು ಬಲದ ಕ್ಷಾರ ಚರ್ಮವನ್ನೇ ತಿನ್ನುತ್ತದೆ. ಅಡುಗೆ ಸೋಡಾ ಕೇಡು ಮಾಡದಷ್ಟು ಸೌಮ್ಯ, ಆ ಕಾರಣಕ್ಕೇ ಅದರಿಂದ ಹೆಚ್ಚಿನ ಉಪಯೋಗವೂ ಇಲ್ಲ. ಬ್ಲೀಚಿಂಗ್ ದ್ರಾವಣದಲ್ಲಿ ಕೈ ಅದ್ದುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ, ಉರಿಯುತ್ತಿರುವ ಚರ್ಮಕ್ಕೆ ಅದು ನಿಜವಾದ ಗಾಯ ಮಾಡುತ್ತದೆ.

ಸೀಮೆಎಣ್ಣೆ ಮೊದಲ ಪ್ರಶ್ನೆಯಲ್ಲಿ ಗೆಲ್ಲುತ್ತದೆ, ಮೂರನೆಯದರಲ್ಲಿ ಸೋಲುತ್ತದೆ. ಜಿಡ್ಡು ಕರಗಿಸುತ್ತದೆ ನಿಜ, ಜೊತೆಗೆ ಚರ್ಮದ ಸಹಜ ಜಿಡ್ಡನ್ನೂ ಎಳೆದು ಒಡಕು ತರುತ್ತದೆ, ಒಲೆಯ ಹತ್ತಿರ ಅಪಾಯ ಬೇರೆ. ಶೇಂಗಾ ಎಣ್ಣೆ ಮಾಡುವ ಕೆಲಸಕ್ಕೆ ಅದು ಬೇಕಿಲ್ಲ. ಸ್ಯಾನಿಟೈಸರ್, ಸರ್ಜಿಕಲ್ ಸ್ಪಿರಿಟ್ಟುಗಳೂ ಕ್ಯಾಪ್ಸೈಸಿನ್ ಅನ್ನು ಕರಗಿಸುತ್ತವೆ. ಗಾಯವಿಲ್ಲದ ಕೈಗೆ ಹತ್ತಿಯಲ್ಲಿ ಅದ್ದಿ ಒರೆಸಿ ಕೂಡಲೇ ಸೋಪು ಹಾಕಿ ತೊಳೆಯುವುದಾದರೆ ಪ್ರಯಾಣದಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಆಲ್ಕೋಹಾಲು ಕೂಡ ಆ ಗ್ರಾಹಿ ತೆರೆದುಕೊಳ್ಳುವ ಮಟ್ಟವನ್ನು ಇಳಿಸುತ್ತದೆ. ಹಚ್ಚಿಕೊಂಡು ಹಾಗೇ ಬಿಟ್ಟರೆ ಖಾರ ಹರಡುತ್ತದೆ, ಉರಿ ಏರುತ್ತದೆ. ಕಡಲೆಹಿಟ್ಟು ಒಳ್ಳೆಯ ಸಹಾಯಕ. ಎಣ್ಣೆ ಸವರಿದ ಮೇಲೆ ಒಂದು ಹಿಡಿ ಹಿಟ್ಟು ಹಾಕಿಕೊಂಡು ಉದುರಿಸಿದರೆ ಅದು ಎಣ್ಣೆಯನ್ನು ಹೀರಿಕೊಂಡು ಬರುತ್ತದೆ. ಸಕ್ಕರೆ, ಉಪ್ಪು ಹಾಕಿ ಉಜ್ಜುವುದು ಮಾತ್ರ ಚರ್ಮಕ್ಕೆ ಗೀರು ಹಾಕುವ ಕೆಲಸ. ಟೂತ್‌ಪೇಸ್ಟಿನ ಮೆಂಥಾಲ್ ತಂಪನ್ನು ತಿಳಿಸುವ ಬೇರೊಂದು ಗ್ರಾಹಿಯನ್ನು ಎಬ್ಬಿಸಿ ಉರಿಯನ್ನು ಸ್ವಲ್ಪ ಹೊತ್ತು ಮರೆಸುತ್ತದೆ, ಏನನ್ನೂ ತೆಗೆಯುವುದಿಲ್ಲ. ನೋವಿನ ಮುಲಾಮುಗಳನ್ನು ಮುಟ್ಟಲೇಬೇಡಿ. ಕೆಲವು ಮುಲಾಮುಗಳಲ್ಲಿ ಇರುವ ಔಷಧವೇ ಕ್ಯಾಪ್ಸೈಸಿನ್.

ಕಣ್ಣು ಮತ್ತು ಮಕ್ಕಳು

ಇದುವರೆಗೆ ಹೇಳಿದ ಎಣ್ಣೆಯ ಮಾತು ಕೈಗೆ ಮಾತ್ರ. ಕಣ್ಣಿಗೆ ಎಣ್ಣೆ, ಹಾಲು, ಎದೆಹಾಲು, ಸೋಪು ಏನೂ ಬೇಡ. ಕಣ್ಣಿಗೆ ಖಾರ ತಗುಲಿದರೆ ಉಜ್ಜದೆ, ಶುದ್ಧವಾದ ತಣ್ಣೀರನ್ನು ಮೂಗಿನ ಕಡೆಯಿಂದ ಹೊರಗಡೆಗೆ ಹರಿಯುವಂತೆ 15ರಿಂದ 20 ನಿಮಿಷ ಬಿಡಬೇಕು, ನಡುನಡುವೆ ರೆಪ್ಪೆ ಮಿಟುಕಿಸಬೇಕು. ಸ್ವಂತ ಕೈಯಲ್ಲೇ ಖಾರವಿರುವುದರಿಂದ ಮನೆಯಲ್ಲಿ ಬೇರೆಯವರು ನೀರು ಹೊಯ್ಯುವುದು ಒಳ್ಳೆಯದು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೈ ತೊಳೆದುಕೊಂಡು ಮೊದಲು ಅದನ್ನು ತೆಗೆಯಬೇಕು. ಮೆಣಸಿನಕಾಯಿ ಬಿಡಿಸಿದ ದಿನ ಕೈ ಎಷ್ಟೇ ತೊಳೆದಿದ್ದರೂ ಲೆನ್ಸ್ ಹಾಕಿಕೊಳ್ಳುವುದು, ಕಾಡಿಗೆ ಹಚ್ಚುವುದು ಬೇಡ. ಶೌಚಕ್ಕೆ ಹೋಗುವ ಮುಂಚೆಯೂ ಎಣ್ಣೆ ಸೋಪಿನಿಂದ ಕೈ ತೊಳೆಯಬೇಕು, ಮೃದು ಚರ್ಮದ ಭಾಗಗಳಿಗೆ ದಾಟಿದ ಖಾರ ಕೈಯ ಉರಿಗಿಂತ ಕಠಿಣ. ಹಾಲುಣಿಸುವ ತಾಯಂದಿರು ಮಗುವನ್ನು ಎತ್ತಿಕೊಳ್ಳುವ ಮೊದಲು ಕೈ ತೊಳೆದು, ಸೀರೆಯನ್ನೋ ಮೇಲುಡುಪನ್ನೋ ಬದಲಿಸಬೇಕು. ಬೆರಳು ಚೀಪುವ ವಯಸ್ಸಿನ ಮಕ್ಕಳನ್ನು ಈ ಕೆಲಸದ ಜಾಗದಿಂದ ದೂರವಿಡಬೇಕು. ನಲ್ಲಿಯ ತಿರುಪು, ಬಾಗಿಲ ಹಿಡಿ, ಮೊಬೈಲು, ಫ್ರಿಜ್ಜಿನ ಹಿಡಿಕೆ ಇವುಗಳಲ್ಲಿ ಉಳಿದ ಜಿಡ್ಡನ್ನು ಸೋಪಿನ ಬಟ್ಟೆಯಿಂದ ಒರೆಸಿದರೆ ಮನೆಯ ಉಳಿದವರೂ ಪಾರಾಗುತ್ತಾರೆ.

ಉರಿ ಬರದಂತೆ

ಕೈಗವಸು ಹಾಕಿಕೊಳ್ಳುವುದೇ ಎಲ್ಲಕ್ಕಿಂತ ಒಳ್ಳೆಯ ದಾರಿ, ಅದರ ಆಯ್ಕೆಯಲ್ಲಿ ಎಚ್ಚರ ಬೇಕು. ನರದ ನೋವಿಗೆ ವೈದ್ಯರು ಬಳಸುವ ಶೇ 8ರ ಕ್ಯಾಪ್ಸೈಸಿನ್ ಪಟ್ಟಿಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಒಪ್ಪಿತು. ಅದನ್ನು ಹಚ್ಚುವ ಸಿಬ್ಬಂದಿಗೆ ಇರುವ ಸೂಚನೆ ಸ್ಪಷ್ಟ: ನೈಟ್ರೈಲ್ ಕೈಗವಸನ್ನೇ ತೊಡಬೇಕು, ಲ್ಯಾಟೆಕ್ಸ್ ಕೈಗವಸು ಸಾಕಷ್ಟು ರಕ್ಷಣೆ ಕೊಡುವುದಿಲ್ಲ. ಔಷಧದಂಗಡಿಗಳಲ್ಲಿ ಸಿಗುವ ನೀಲಿ ಬಣ್ಣದ ಕೈಗವಸುಗಳಲ್ಲಿ ಬಹಳಷ್ಟು ನೈಟ್ರೈಲ್, ಕೊಳ್ಳುವಾಗ ಪೊಟ್ಟಣದ ಮೇಲೆ ಓದಿಕೊಳ್ಳಿ. ಬಟ್ಟೆಯ ಕೈಗವಸು ಖಾರದ ರಸ ಹೀರಿ ಚರ್ಮಕ್ಕೆ ಅಪ್ಪಿಕೊಂಡಿರುತ್ತದೆ, ಹಸಿ ಕಾಯಿಗೆ ಅದು ಇಲ್ಲದಿದ್ದರೇ ವಾಸಿ. ಕೈಗವಸು ಸಿಗದಿದ್ದರೆ ಹಲಸು ಬಿಡಿಸುವವರಂತೆ ಮೊದಲೇ ಕೈಗೆ ತೆಳ್ಳಗೆ ಎಣ್ಣೆ ಸವರಿಕೊಂಡು, ಕೆಲಸದ ನಡುವೆ ಆಗಾಗ ಒರೆಸಿ ಹೊಸದಾಗಿ ಸವರಬಹುದು. ಇದು ಕೈಗವಸಿಗೆ ಸಮನಲ್ಲ, ಚಾಕು ಜಾರದಂತೆ ಅಂಗೈಯನ್ನು ಒರೆಸಿಕೊಳ್ಳುವುದೂ ಅಗತ್ಯ. ಬಿಳಿ ತಿರುಳನ್ನು ಬೆರಳಿನ ಬದಲು ಚಮಚದ ತುದಿಯಿಂದ ಕೆರೆಯಿರಿ. ಒಣಮೆಣಸಿನಕಾಯಿಯನ್ನು ಕತ್ತರಿಯಿಂದ ಕತ್ತರಿಸಿ. ಮಿಕ್ಸಿಯಲ್ಲಿ ಪುಡಿ ಮಾಡಿದ ಮೇಲೆ ಪುಡಿ ತಳಕ್ಕೆ ಕೂರುವವರೆಗೆ ಕೆಲವು ನಿಮಿಷ ಮುಚ್ಚಳ ತೆಗೆಯಬೇಡಿ. ಹುರಿಯುವಾಗ ಕಿಟಕಿ ತೆರೆದಿರಲಿ, ಅಸ್ತಮಾ ಇರುವವರು ಆ ಘಾಟಿನಿಂದ ದೂರವಿರಲಿ.

ಮೆಣಸಿನಕಾಯಿಯ ಜಾತಿಯನ್ನೂ ತಿಳಿದಿರಬೇಕು. 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಕಡುಗೆಂಪು ಬಣ್ಣಕ್ಕೆ, ಖಾರ ಅದರಲ್ಲಿ ಕಡಿಮೆ. ಗುಂಟೂರು ಕಾಯಿ ಅದಕ್ಕಿಂತ ಎಷ್ಟೋ ಖಾರ. ಈಶಾನ್ಯ ಭಾರತದ ಭೂತ್ ಜೊಲೋಕಿಯಾ 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದಾಗ ಅದರ ಖಾರದ ಅಳತೆ 10 ಲಕ್ಷ ಸ್ಕೋವಿಲ್ ಮೀರಿತ್ತು. 2023ರಲ್ಲಿ ದಾಖಲೆ ಬರೆದ ಪೆಪ್ಪರ್ ಎಕ್ಸ್ ತಳಿಯದು ಸುಮಾರು 27 ಲಕ್ಷ. ಇಂಥ ತಳಿಗಳ ಬೀಜ, ಸಸಿಗಳು ಈಗ ಮನೆಯ ತಾರಸಿಯ ಕುಂಡಗಳಿಗೂ ಬರುತ್ತಿವೆ. ಬ್ಯಾಡಗಿ ಕಾಯಿಗೆ ಒಗ್ಗಿದ ಕೈ ಇವುಗಳಿಗೂ ಒಗ್ಗಿದೆ ಎಂದು ತಿಳಿಯುವುದು ದುಡುಕು. ಇವುಗಳಿಗೆ ಎಣ್ಣೆ ಸವರಿದ ಬರಿಗೈ ಸಾಲದು, ಕೈಗವಸು ಬೇಕೇ ಬೇಕು.

ಇಲ್ಲಿ ಕೊನೆಯ ಆಕ್ಷೇಪವೊಂದಿದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರು, ತಲೆಮಾರುಗಳಿಂದ ರಂಜಕ ಅರೆದ ಅಜ್ಜಿಯರು ಯಾವ ಕೈಗವಸು ಹಾಕಿದ್ದರು? ರೂಢಿಯಾದರೆ ಉರಿ ತಾನಾಗಿ ಕಡಿಮೆಯಾಗುತ್ತದೆ ಎಂಬ ವಾದ. ಇದರಲ್ಲೂ ಒಂದು ಪಾಲು ನಿಜ. ಕ್ಯಾಪ್ಸೈಸಿನ್ ಮತ್ತೆ ಮತ್ತೆ ತಗುಲಿದಾಗ ಆ ನರದ ತುದಿಗಳು ಮಂದವಾಗುತ್ತವೆ, ನೋವಿನ ಪಟ್ಟಿ ಕೆಲಸ ಮಾಡುವುದೂ ಈ ಗುಣದಿಂದಲೇ. ಆದರೆ ಮಂದವಾಗುವುದು ತಗುಲಿದ ಜಾಗದ ನರ ಮಾತ್ರ. ಅದೇ ಕೈ ಕಣ್ಣನ್ನು ಒರೆಸಿದರೆ ಕಣ್ಣಿಗೆ ಆ ರೂಢಿಯಿಲ್ಲ, ತೊಡೆಯ ಮೇಲಿನ ಮಗುವಿಗೂ ಇಲ್ಲ, ಉಸಿರಿಗೆ ಹೋಗುವ ಧೂಳಿಗೆ ಶ್ವಾಸಕೋಶಕ್ಕೂ ಇಲ್ಲ. ಕೈಯ ಸಂವೇದನೆ ಮಂದವಾದವರಿಗೆ ಕೈಯಲ್ಲಿ ಎಷ್ಟು ಖಾರ ಉಳಿದಿದೆ ಎಂಬುದೇ ತಿಳಿಯುವುದಿಲ್ಲ ಎಂಬ ತೊಂದರೆ ಬೇರೆ. ಅವರು ಸಹಿಸಿಕೊಂಡರು ಎಂಬುದು ಅವರಿಗೆ ನೋವಾಗಲಿಲ್ಲ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಕೂಲಿಗೆ ಮೆಣಸಿನಕಾಯಿ ಬಿಡಿಸುವ ಜಾಗದಲ್ಲಿ ಕೈಗವಸು, ಮುಖಕ್ಕೆ ಮಾಸ್ಕು, ಎಣ್ಣೆ, ಸೋಪು, ಹರಿಯುವ ನೀರು ಇಷ್ಟನ್ನು ಒದಗಿಸುವುದು ಕೆಲಸ ಕೊಡುವವರ ಹೊಣೆ, ದೊಡ್ಡ ಖರ್ಚಿನ ಮಾತೂ ಅಲ್ಲ.

ವೈದ್ಯರಲ್ಲಿಗೆ ಹೋಗಬೇಕಾದ ಸಂದರ್ಭಗಳು ಕೆಲವೇ, ಆದರೆ ತಡಮಾಡುವಂಥವಲ್ಲ. ಚರ್ಮದಲ್ಲಿ ಗುಳ್ಳೆ ಎದ್ದರೆ, ಸುಲಿದರೆ, ಊತ ಹೆಚ್ಚುತ್ತಾ ಹೋದರೆ, ಒಂದು ದಿನ ಕಳೆದರೂ ನೋವು ಇಳಿಯದಿದ್ದರೆ ತೋರಿಸಬೇಕು. ತೊಳೆದ ಮೇಲೂ ಕಣ್ಣು ನೋಯುತ್ತಿದ್ದರೆ, ದೃಷ್ಟಿ ಮಂಜಾದರೆ, ಬೆಳಕು ನೋಡಲಾಗದಿದ್ದರೆ ಅದೇ ದಿನ ಹೋಗಬೇಕು. ಉಸಿರಾಟ ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆ. ಹಸುಗೂಸಿನ ಮೈಗೆ, ಕಣ್ಣಿಗೆ ತಗುಲಿದ್ದರೆ ಕಾದು ನೋಡುವ ಪ್ರಶ್ನೆಯಿಲ್ಲ. ಮರಗಟ್ಟಿಸುವ ಜೆಲ್ ಬೇಕೆನಿಸಿದರೆ ವೈದ್ಯರನ್ನು ಕೇಳಿಯೇ ಹಚ್ಚಬೇಕು, ಒಡೆದ ಚರ್ಮಕ್ಕೂ ಚಿಕ್ಕ ಮಕ್ಕಳಿಗೂ ಅದನ್ನು ಸ್ವಂತ ನಿರ್ಧಾರದಿಂದ ಬಳಸಬಾರದು.

ಉರಿ ಎದ್ದ ಮೇಲೆ ಖಾರದ ಕೈಯಲ್ಲೇ ಅಡುಗೆಮನೆಯ ಡಬ್ಬಿಗಳನ್ನು ತಡಕಾಡುವ ಬದಲು, ಮೆಣಸಿನಕಾಯಿಯ ಮೊರ ಮುಂದಿಟ್ಟುಕೊಳ್ಳುವ ಮೊದಲೇ ಒಂದು ಬಟ್ಟಲು ಎಣ್ಣೆ, ಎರಡು ಹಳೆಯ ಬಟ್ಟೆ, ಪಾತ್ರೆಯ ಸೋಪು ಪಕ್ಕದಲ್ಲಿಟ್ಟುಕೊಳ್ಳಿ. ಕೆಲಸ ಮುಗಿದ ಕೂಡಲೇ, ಉರಿ ಇರಲಿ ಇಲ್ಲದಿರಲಿ, ಎಣ್ಣೆ ಸವರಿ ಒರೆಸಿ ತೊಳೆಯಿರಿ. ಕ್ಯಾಪ್ಸೈಸಿನ್ ನಿಧಾನವಾಗಿ ಒಳಗಿಳಿಯುತ್ತದೆ ಎಂಬುದೇ ನಮಗಿರುವ ಅನುಕೂಲ. ಕೈ ಸುಮ್ಮನಿರುವ ಆ ಮೊದಲ ಅರ್ಧ ಗಂಟೆಯಲ್ಲಿ ತೊಳೆದು ಬಿಡಿಸಿದಷ್ಟೂ ರಾತ್ರಿಯ ಉರಿ ಕಡಿಮೆ.